ಪಿಂಕ್ನಿ ಮನೆತನದ ಕಾಗದ ಪತ್ರಗಳು



ಒಂದು ನಾಡಿನ ಚರಿತ್ರೆಯನ್ನು ಅದರ ಕಾಯಿದೆಗಳಿಂದಲೂ ಕಾಳಗಗಳಿಂದಲೂ ಬರೆಯುವುದು ವಾಡಿಕೆಯಾಗಿರುವುದು. ಅದು ತಪ್ಪೇನೂ ಅಲ್ಲ. ಆದರೆ ಆ ನಾಡಿನ ಒಂದು ಮನೆ ಹೇಗೆ ನಡೆಯಿತು, ಅದರ ಮೇಲೆ ಸಾಲವೆಷ್ಟಿತ್ತು, ಮಗಳಿಗೆ ಬಂದ ಸಂಬಂಧ ಏಕೆ ಮುರಿಯಿತು, ಪರದೇಶದಲ್ಲಿ ಓದುತ್ತಿದ್ದ ಮಗನಿಗೆ ತಾಯಿ ಏನೆಂದು ಬುದ್ಧಿ ಹೇಳಿದಳು ಎಂಬುದು ತಿಳಿಯಬೇಕಾದರೆ ಆ ಮನೆಯವರು ಬರೆದ ಕಾಗದಗಳನ್ನೇ ಓದಬೇಕು. ಅಂತಹ ಒಂದು ಕಟ್ಟನ್ನು ಈ ಹೊತ್ತು ತಮ್ಮ ಮುಂದೆ ಬಿಚ್ಚಲು ಎಳಸುತ್ತೇವೆ. ಅಮೆರಿಕವು ಇನ್ನೂ ಇಂಗ್ಲೆಂಡಿನ ದೊರೆಗೆ ಅಧೀನವಾಗಿದ್ದ ಕಾಲದಲ್ಲಿ, ದಕ್ಷಿಣ ಕ್ಯಾರೊಲಿನಾ ಪ್ರಾಂತದಲ್ಲಿ ಬಾಳಿದ ಪಿಂಕ್ನಿ ಎಂಬ ಜಮೀನ್ದಾರ ಮನೆತನದ ಕಾಗದಗಳು ಇವು. ಇವುಗಳಲ್ಲಿ ಬಹುಭಾಗವನ್ನು ಬರೆದವಳು ಎಲೈಜ ಲ್ಯೂಕಸ್ ಪಿಂಕ್ನಿ ಎಂಬ ಹೆಂಗಸು.

ಈಕೆ ಹುಟ್ಟಿದ್ದು 1722ರ ಡಿಸೆಂಬರಿನಲ್ಲಿ, ವೆಸ್ಟ್ ಇಂಡೀಸಿನ ಆಂಟಿಗ್ವ ದ್ವೀಪದಲ್ಲಿ. ತಂದೆ ಜಾರ್ಜ್ ಲ್ಯೂಕಸನು ಇಂಗ್ಲಿಷ್ ಸೈನ್ಯದ ಅಧಿಕಾರಿ. ಮಗಳನ್ನು ಇಂಗ್ಲೆಂಡಿನಲ್ಲಿ ಓದಿಸಿ, 1738ರಲ್ಲಿ ಹೆಂಡತಿ ಮಕ್ಕಳೊಡನೆ ಕ್ಯಾರೊಲಿನಾಕ್ಕೆ ಬಂದು ನೆಲೆಸಿದನು. ಅಲ್ಲಿ ಅವನಿಗೆ ಮೂರು ಜಮೀನುಗಳಿದ್ದವು. ಚಾರ್ಲ್ಸ್‌ಟನ್ ಪಟ್ಟಣದ ಹತ್ತಿರ ವಾಪೂ ಎಂಬಲ್ಲಿ 600 ಎಕರೆ. ಕೊಂಬಾಹೀ ನದಿಯ ಮೇಲೆ ಗಾರ್ಡನ್ ಹಿಲ್ ಎಂಬ 1,500 ಎಕರೆ. ವಾಕಮಾ ನದಿಯ ಕಡೆ 3,000 ಎಕರೆ ಬತ್ತದ ಭೂಮಿ. ಮರುವರ್ಷವೇ ಸ್ಪೇನಿನೊಡನೆ ಯುದ್ಧದ ಸೂಚನೆ ಕಂಡು, ತಂದೆ ತನ್ನ ಸೈನ್ಯವಿದ್ದ ಆಂಟಿಗ್ವಕ್ಕೆ ಹಿಂದಿರುಗಬೇಕಾಯಿತು. ತಾಯಿ ರೋಗಿಷ್ಠೆ, ತಮ್ಮಂದಿರು ಇಂಗ್ಲೆಂಡಿನ ಶಾಲೆಯಲ್ಲಿ, ತಂಗಿ ಪುಟ್ಟವಳು. ಹೀಗಾಗಿ ಮೂರು ಜಮೀನುಗಳ ಭಾರವೂ ಇನ್ನೂ 17 ವರ್ಷ ತುಂಬದ ಎಲೈಜಳ ಮೇಲೆ ಬಿದ್ದಿತು.

ಆಗ ಅವಳು ಒಂದು ನಕಲು ಪುಸ್ತಕವನ್ನು ಇಟ್ಟಳು. ತಾನು ಕಳುಹಿದ ಕಾಗದಗಳಲ್ಲಿ ಕೆಲವನ್ನು ಪೂರ್ತಿಯಾಗಿಯೂ, ಕೆಲವನ್ನು ಸಂಗ್ರಹವಾಗಿಯೂ, ಇನ್ನು ಕೆಲವನ್ನು ‘ಇಂಥವರಿಗೆ ಇಂಥ ವಿಷಯ ಬರೆದುದಾಯಿತು’ ಎಂಬ ಒಂದೆರಡು ಪಂಕ್ತಿಗಳಾಗಿಯೂ ಅದರಲ್ಲಿ ಬರೆದಿಟ್ಟಳು. 1739ರಿಂದ 1762ರವರೆಗೆ, ನಡುನಡುವೆ ವರ್ಷಗಟ್ಟಲೆ ಬಿಟ್ಟುಹೋಗಿದ್ದರೂ, ಆ ಪುಸ್ತಕವು ನಡೆದು ಬಂದಿದೆ. ವ್ಯಾಪಾರಸ್ಥರಲ್ಲಿ ಇಂತಹ ಪುಸ್ತಕ ಇಡುವುದು ಆ ಕಾಲದ ರೂಢಿ. ಅದಕ್ಕೆ ಕಾರಣವೂ ಇತ್ತು. ಕಾಗದವನ್ನು ಮಡಿಸಿ, ಅರಗಿನ ಮುದ್ರೆ ಒತ್ತಿ, ಹಡಗಿನ ಯಜಮಾನನ ಕೈಯಲ್ಲಿ ಕೊಟ್ಟ ಮೇಲೆ ಅದು ದಡ ಸೇರುವುದೆಂಬ ನಂಬಿಕೆ ಯಾರಿಗೂ ಇಲ್ಲ. ಬಿರುಗಾಳಿಯ ಭಯ ಒಂದು. ಶತ್ರುಗಳ ಹಡಗು ಹಿಡಿದುಕೊಂಡೀತೆಂಬ ಭಯ ಇನ್ನೊಂದು. ಆದಕಾರಣ ಒಂದೇ ಕಾಗದವನ್ನು ಎರಡು ಮೂರು ಪ್ರತಿಮಾಡಿ ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. ಮೊದಲು ಹೊರಟದ್ದು ಕೊನೆಗೆ ತಲಪುವುದೂ ಉಂಟು. ಇದರ ಮೇಲೆ ಪಂಚಾಂಗದ ತೊಡಕು ಬೇರೆ: 1752ರವರೆಗೆ ಇಂಗ್ಲಿಷರ ವರ್ಷವು ಮಾರ್ಚಿ 25ಕ್ಕೆ ಆರಂಭವಾಗುತ್ತಿದ್ದುದರಿಂದ, ಜನವರಿ ಫೆಬ್ರವರಿಗಳ ಕಾಗದಕ್ಕೆ ಎರಡೆರಡು ವರ್ಷಗಳ ಸಂಖ್ಯೆ ಬೀಳುವುದು. ಪಂಡಿತರಿಗೆ ಇದರಿಂದ ಸಾಕಷ್ಟು ಕೆಲಸ ದೊರೆತಿದೆ.

ತನ್ನ ದಿನಚರಿಯನ್ನು ಎಲೈಜಳೇ ಒಬ್ಬ ಗೆಳತಿಗೆ ತಿಳಿಸಿದ್ದಾಳೆ. ಬೆಳಗ್ಗೆ ಐದಕ್ಕೆ ಏಳುವುದು, ಏಳರವರೆಗೆ ಓದು, ಆಮೇಲೆ ತೋಟದಲ್ಲಿಯೂ ಹೊಲದಲ್ಲಿಯೂ ತಿರುಗಿ ಆಳುಗಳು ಕೆಲಸಕ್ಕೆ ಬಿದ್ದಿರುವರೇ ಎಂದು ನೋಡುವುದು, ಸಂಗೀತ, ಫ್ರೆಂಚ್ ಭಾಷೆ, ಶೀಘ್ರಲಿಪಿ ಇವುಗಳ ಅಭ್ಯಾಸ, ತಂಗಿಗೆ ಪಾಠ. ವಾರದಲ್ಲಿ ಗುರುವಾರವೆಲ್ಲ, ಮನೆಗೆಲಸಕ್ಕೆ ಬೇಕಾದಷ್ಟು ಹೊತ್ತನ್ನು ಬಿಟ್ಟು, ಕಾಗದ ಬರೆಯುವುದಕ್ಕೇ ಮೀಸಲು. ಜಮೀನಿನ ಕಾಗದಗಳು, ಇಲ್ಲವೆ ಸ್ನೇಹಿತರ ಕಾಗದಗಳು. ಎರಡಕ್ಕೂ ಒಂದೇ ಮೇಜು, ಒಂದೇ ಲೇಖನಿ.

ನಮ್ಮ ಮನಸ್ಸನ್ನು ಸೆಳೆಯುವುದು ಈ ಬೆರಕೆಯೇ. ಒಂದು ಕಡೆ ಗಾರ್ಡನ್ ಹಿಲ್ಲಿನ ಮೇಲ್ವಿಚಾರಕನಿಗೆ ಅಪ್ಪಣೆ ಹೋಗಿದೆ: ವೆಸ್ಟ್ ಇಂಡೀಸಿಗೆ ಕಳುಹಿಸಲು ಪೀಪಾಯಿಯ ಹಲಗೆಗಳನ್ನೂ ಉಪ್ಪುಹಾಕಿದ ಮಾಂಸವನ್ನೂ ಒಂದು ದೋಣಿ ತುಂಬ ಇಳಿಸತಕ್ಕದ್ದು, ಇಲ್ಲಿಂದ ಉಪ್ಪು, ಸಕ್ಕರೆ ಹೋಗುತ್ತಿವೆ, ಅವನ ಹೆಂಡತಿಗೆಂದು ಎರಡು ಬುದ್ದಲಿ ದ್ರಾಕ್ಷಾರಸ. ಇನ್ನೊಂದು ಕಡೆ ಧೂಮಕೇತು ಕಂಡ ಸುದ್ದಿ, ಓದಿದ ಕಾದಂಬರಿಯ ಗುಣದೋಷ ವಿಚಾರ, ವರ್ಜಿಲ್ ಕವಿಯ ಬೇಸಾಯದ ಕಾವ್ಯವು ಕ್ಯಾರೊಲಿನಾದ ಮಣ್ಣಿಗೂ ಒಪ್ಪುವುದೆಂಬ ಸಂತೋಷ. ನೆರೆಯ ಬಡವರು ಸಾಯುವ ಕಾಲಕ್ಕೆ ಮರಣಶಾಸನ ಬರೆಸಲು ವಕೀಲರಿಗೆ ಹಣ ಕೊಡಲಾರದೆ ಇವಳಲ್ಲಿಗೆ ಬರುತ್ತಿದ್ದರು. ಅಂಥವನ್ನು ಎರಡು ಬರೆದುಕೊಟ್ಟಿರುವೆನೆಂದು ಗೆಳತಿಗೆ ಗುಟ್ಟಾಗಿ ತಿಳಿಸಿ, ನಗಬೇಡವೆಂದು ಕೇಳಿಕೊಳ್ಳುತ್ತಾಳೆ. ಓಕ್ ಮರದ ಸಸಿಗಳನ್ನು ನೆಡಿಸಿ, ಮುಂದೆ ಹಡಗು ಕಟ್ಟುವವರಿಗೆ ಮಾರಿ ಧನವಂತಳಾಗುವೆನೆಂದು ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುತ್ತಾಳೆ.

ತಂದೆಗೆ ಬರೆದ ಕಾಗದಗಳಲ್ಲಿ ಧ್ವನಿ ಬೇರೆ. ಅಲ್ಲಿ ವಿನಯವಿದೆ, ಆದರೆ ವಿನಯದ ಒಳಗೆ ಒಂದು ಕಲ್ಲೂ ಇದೆ. ತಂದೆ ಇಬ್ಬರು ವರರನ್ನು ಸೂಚಿಸಿದ್ದನು. ಅವರಲ್ಲಿ ಒಬ್ಬನು ವಯಸ್ಸಾದ ಧನಿಕ. ದಕ್ಷಿಣ ಅಮೆರಿಕದ ಗಣಿಗಳ ಐಶ್ವರ್ಯವೆಲ್ಲ ಆತನ ಕೈಯಲ್ಲಿದ್ದರೂ ಆತನನ್ನು ಗಂಡನೆಂದು ಗೌರವಿಸಲು ತನಗೆ ಮನಸ್ಸು ಬಾರದೆಂದು ಅವಳು ಉತ್ತರ ಕೊಟ್ಟಳು. 18 ವರ್ಷದ ಕನ್ಯೆ ತಂದೆಗೆ ಹೀಗೆ ಬರೆದದ್ದನ್ನು ಓದಿದಾಗ, ಆ ಕಾಲದ ಹೆಂಗಸರನ್ನು ಕುರಿತು ನಾವು ಇಟ್ಟುಕೊಂಡಿರುವ ಅಭಿಪ್ರಾಯವನ್ನು ಕೊಂಚ ತಿದ್ದಿಕೊಳ್ಳಬೇಕಾಗುವುದು. ಬಹುಶಃ ಜಮೀನಿನ ಲೆಕ್ಕವನ್ನು ಮಗಳ ಕೈಗೆ ಕೊಟ್ಟ ತಂದೆಯು, ಮದುವೆಯ ವಿಷಯದಲ್ಲಿ ಮಾತ್ರ ಅವಳ ಮಾತನ್ನು ತೆಗೆದುಹಾಕುವಂತಿರಲಿಲ್ಲ. 1744ರ ಮೇ ತಿಂಗಳಲ್ಲಿ ಅವಳು ತಾನೇ ಒಪ್ಪಿ ಚಾರ್ಲ್ಸ್ ಪಿಂಕ್ನಿ ಎಂಬ ವಕೀಲನನ್ನು ಮದುವೆಯಾದಳು. ಆತನಿಗೆ ಅವಳ ಎರಡರಷ್ಟು ವಯಸ್ಸು. ಮೊದಲನೆಯ ಹೆಂಡತಿ ತೀರಿಕೊಂಡು ಕೆಲವೇ ತಿಂಗಳಾಗಿದ್ದಿತು. ಆ ಮೊದಲನೆಯಾಕೆಯೂ ಎಲೈಜಳ ಪ್ರಿಯಸ್ನೇಹಿತೆಯೇ.

ಇನ್ನು ಈ ಕಾಗದಗಳಿಗೆ ಹೆಚ್ಚಿನ ಹೆಸರು ತಂದ ವಿಷಯಕ್ಕೆ ಬರುತ್ತೇವೆ. ಅದು ನೀಲಿ. ಬಟ್ಟೆಗೆ ಕಟ್ಟುವ ನೀಲಿ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಇಂಡಿಗೊ ಎಂಬ ಹೆಸರು ಬಂದಿರುವುದೇ ಅದು ಹಿಂದೂದೇಶದ ಸರಕು ಎಂಬ ಕಾರಣದಿಂದ. ಆದರೆ ಆ ಕಾಲದಲ್ಲಿ ಇಂಗ್ಲೆಂಡಿನ ನೇಯ್ಗೆಯವರು ತಮಗೆ ಬೇಕಾದ ನೀಲಿಯಲ್ಲಿ ಬಹುಪಾಲನ್ನು ಫ್ರೆಂಚರ ದ್ವೀಪಗಳಿಂದ ಕೊಳ್ಳುತ್ತಿದ್ದರು. ಕ್ಯಾರೊಲಿನಾದ ಅಕ್ಕಿಗೆ ಯುದ್ಧದಿಂದ ಪೇಟೆ ಕೆಟ್ಟಿತ್ತು. ತಂದೆ ವೆಸ್ಟ್ ಇಂಡೀಸಿನಿಂದ ನಾನಾ ಬೀಜಗಳನ್ನು ಕಳುಹಿಸಿದನು. ಮಗಳು ನೀಲಿ, ಶುಂಠಿ, ಹತ್ತಿ ಮೊದಲಾದುವನ್ನು ಬಿತ್ತಿ ನೋಡಿದಳು. ಎಲ್ಲಕ್ಕಿಂತ ನೀಲಿಯ ಮೇಲೆ ತನಗೆ ಭರವಸೆಯೆಂದೂ, ಬೀಜವು ಮುಂಚಿತವಾಗಿ ಬಂದರೆ ಆದೀತೆಂದೂ ಬರೆದಳು. ಮೊದಲ ಪೈರು ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಹೋಯಿತು.

ಗಿಡ ಬೆಳೆದರಷ್ಟೆ ಸಾಲದು. ನೀಲಿಯನ್ನು ತೆಗೆಯುವುದು ಬಹು ಸೂಕ್ಷ್ಮವಾದ ಕೆಲಸ. ಕೊಯ್ದ ಗಿಡವನ್ನು ನೀರಿನ ತೊಟ್ಟಿಯಲ್ಲಿ ಹಾಕಿ ಕೊಳೆಸಬೇಕು; ಹುದುಗೆದ್ದ ನೀರನ್ನು ಎರಡನೆಯ ತೊಟ್ಟಿಗೆ ಬಿಟ್ಟು ಬಡಿಯಬೇಕು; ಹದ ನೋಡಿ ಸುಣ್ಣದ ತಿಳಿ ಸೇರಿಸಬೇಕು; ತಳದಲ್ಲಿ ನಿಂತ ಗಸಿಯನ್ನು ಚೀಲದಲ್ಲಿ ಕಟ್ಟಿ ಸೋರಹಾಕಿ, ಬಿಲ್ಲೆ ಕೊಯ್ದು ನೆರಳಿನಲ್ಲಿ ಒಣಗಿಸಬೇಕು. ಕೊಳೆಯುವ ತೊಟ್ಟಿಯ ದುರ್ಗಂಧವೂ ಅದಕ್ಕೆ ಮುತ್ತುವ ನೊಣವೂ ವರ್ಣಿಸತಕ್ಕುದಲ್ಲ. ಹದ ಒಂದು ಗಳಿಗೆ ತಪ್ಪಿದರೆ ಬಣ್ಣ ಕೆಟ್ಟಿತು. ಇದನ್ನು ಕಲಿಸಲೆಂದು ತಂದೆ ಮಾಂಟ್ಸೆರ‍್ರಾಟ್ ದ್ವೀಪದಿಂದ ಕ್ರಾಮ್‌ವೆಲ್ ಎಂಬುವನನ್ನು ದೊಡ್ಡ ಸಂಬಳಕ್ಕೆ ಗೊತ್ತುಮಾಡಿ ಕಳುಹಿದನು. ಆತನು ಬಂದು ಸುಣ್ಣದ ನೀರನ್ನು ಅತಿಯಾಗಿ ಸುರಿದು ಬಣ್ಣವನ್ನು ಕೆಡಿಸಿದನು. ಈ ಕಸಬು ಇಲ್ಲಿಯವರಿಗೆ ಕೈವಶವಾದರೆ ತನ್ನ ದ್ವೀಪದವರ ಬಾಯಿಗೆ ಮಣ್ಣು ಬೀಳುವುದೆಂದು ಆತನಿಗೆ ಪಶ್ಚಾತ್ತಾಪವಾಗಿತ್ತಂತೆ. ಎಲೈಜ ಎಚ್ಚರದಿಂದ ನೋಡುತ್ತಿದ್ದು, ಮೋಸವನ್ನು ಕಂಡುಹಿಡಿದಳು. 1744ರಲ್ಲಿ ಬೀಜಕ್ಕೆ ಸಾಕಾಗುವಷ್ಟು ಬೆಳೆ ಕೈಗೆ ಬಂದಿತು. ಗಂಡಹೆಂಡಿರು ಆ ಬೀಜವನ್ನು ಬಚ್ಚಿಡದೆ ಸ್ವಲ್ಪಸ್ವಲ್ಪವಾಗಿ ನೆರೆಹೊರೆಯ ಜಮೀನ್ದಾರರಿಗೆ ಹಂಚಿಬಿಟ್ಟರು. 1747ರಲ್ಲಿ ಪ್ರಾಂತದಿಂದ ಲಕ್ಷ ಪೌಂಡಿಗೂ ಮೇಲೆ ನೀಲಿ ಹೊರಗೆ ಹೋಯಿತು. 1748ರಲ್ಲಿ ಪಾರ್ಲಿಮೆಂಟು ಪೌಂಡಿಗೆ 6 ಪೆನ್ಸಿನಂತೆ ಪ್ರೋತ್ಸಾಹಧನ ಗೊತ್ತುಮಾಡಿತು. ಅಮೆರಿಕದ ಸ್ವಾತಂತ್ರ್ಯಯುದ್ಧದ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ಪೌಂಡನ್ನೂ ಮೀರಿತು.

ಇಲ್ಲಿ ಓದುವವರು ಒಂದು ಕ್ಷಣ ನಿಲ್ಲಬೇಕು. ಕ್ರಾಮ್‌ವೆಲ್ಲನ ಮೋಸದ ಕಥೆಯನ್ನು ವಿಸ್ತಾರವಾಗಿ ಹೇಳುವ ಕಾಗದವು 1785ರದು. ನಾಲ್ವತ್ತು ವರ್ಷಗಳಾದ ಮೇಲೆ ವೃದ್ಧೆಯು ಮಗನಿಗೆ ಬರೆದದ್ದು. ಕ್ರಾಮ್‌ವೆಲ್ಲನ ಪಕ್ಷದ ಕಾಗದ ನಮಗೆ ದೊರೆತಿಲ್ಲ. ನೀಲಿಯ ಪ್ರಯತ್ನವೂ ಆ ಪ್ರಾಂತದಲ್ಲಿ ಇವಳಿಗಿಂತ ಮೊದಲೇ ನಡೆದಿದ್ದಿತು. ಇವಳ ಕಾಲದಲ್ಲಿಯೂ ನೆರೆಯ ಜಮೀನ್ದಾರರು ಕೆಲವರು ಅದರಲ್ಲಿ ಕೈಹಾಕಿದ್ದರು. ಅವಳೊಬ್ಬಳೇ ಇದನ್ನು ಸಾಧಿಸಿದಳೆಂಬ ಮಾತು ಮನೆತನದ ಅಭಿಮಾನಕ್ಕೆ ಸಲ್ಲಬಹುದು, ಚರಿತ್ರೆಗೆ ಸಲ್ಲದು. ಅಷ್ಟೇ ಅಲ್ಲ. ಆ ತೊಟ್ಟಿಗಳಲ್ಲಿ ಇಳಿದು ಬಡಿದವರು ಯಾರು? ಕೊಯ್ದವರು, ಹೊತ್ತವರು, ಹದ ನೋಡಿದವರು ಯಾರು? ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಪಶ್ಚಿಮ ಆಫ್ರಿಕದಲ್ಲಿ ನೀಲಿ ಕಟ್ಟುವ ವಿದ್ಯೆ ಪುರಾತನವಾದುದು. ಅಲ್ಲಿಂದಲೂ ವೆಸ್ಟ್ ಇಂಡೀಸಿನಿಂದಲೂ ಬಂದ ಗುಲಾಮರ ಕೈಚಳಕವಿಲ್ಲದೆ ಈ ಬೆಳೆ ಕುದುರುತ್ತಿರಲಿಲ್ಲವೆಂಬುದು ಈಚಿನ ವಿದ್ವಾಂಸರ ಅಭಿಪ್ರಾಯ. ಅದನ್ನು ನಾವೂ ಒಪ್ಪುತ್ತೇವೆ.

ನಕಲು ಪುಸ್ತಕದಲ್ಲಿ ಇವರು ಇಲ್ಲವೆಂದಲ್ಲ. ಹೊಲದ ಮೂಲೆಯಲ್ಲಿ ನೆರಳು ಸುಳಿದಂತೆ ಸುಳಿಯುತ್ತಾರೆ. ಕ್ವಾಶ್ ಎಂಬ ಬಡಗಿ ಒಬ್ಬನಿದ್ದನು. ಸ್ಪೇನಿನವರ ವಶದಲ್ಲಿದ್ದ ಸೇಂಟ್ ಆಗಸ್ಟೀನಿಗೆ ಓಡಿಹೋದ ಗುಲಾಮರಿಗೆ ಅಲ್ಲಿ ಬಿಡುಗಡೆ ದೊರೆಯುತ್ತಿತ್ತು. ಹಾಗೆ ಓಡಲು ಹವಣಿಸಿದವರಲ್ಲಿ ಕ್ವಾಶನೂ ಒಬ್ಬನೆಂದು ಅಪವಾದ ಬಂದು ವಿಚಾರಣೆ ನಡೆಯಿತು. ಎಲೈಜ ತಾನೇ ಹೋಗಿ ವಿಚಾರಣೆಯನ್ನು ಕೇಳಿದಳು. ಅವನು ನಿರಪರಾಧಿಯೆಂದು ತೀರ್ಮಾನವಾಯಿತೆಂದು ಬರೆದುಕೊಂಡಿದ್ದಾಳೆ. ತಂಗಿಯ ಜೊತೆಗೆ ಇಬ್ಬರು ಕಪ್ಪು ಹುಡುಗಿಯರಿಗೂ ತಾನು ಓದು ಕಲಿಸುತ್ತಿರುವುದಾಗಿಯೂ, ತಂದೆ ಒಪ್ಪಿದರೆ ಮುಂದೆ ಅವರನ್ನೇ ಉಳಿದ ಗುಲಾಮ ಮಕ್ಕಳಿಗೆ ಉಪಾಧ್ಯಾಯಿನಿಯರನ್ನಾಗಿ ಮಾಡುವ ಆಲೋಚನೆಯಿರುವುದಾಗಿಯೂ ಇನ್ನೊಂದು ಕಡೆ ಹೇಳುತ್ತಾಳೆ. ಆ ಹುಡುಗಿಯರ ಹೆಸರನ್ನು ಅಲ್ಲಿ ಹೇಳಿಲ್ಲ.

ಈ ಮಾತಿನ ಬೆಲೆ ತಿಳಿಯಬೇಕಾದರೆ ಎರಡು ಸಂಗತಿಗಳನ್ನು ಜ್ಞಾಪಿಸಿಕೊಳ್ಳಬೇಕು. 1739ರ ಸೆಪ್ಟೆಂಬರಿನಲ್ಲಿ, ವಾಪೂವಿಗೆ ಅಷ್ಟೇನೂ ದೂರವಲ್ಲದ ಸ್ಟೋನೊ ನದಿಯ ಬಳಿ, ಗುಲಾಮರು ದಂಗೆಯೆದ್ದು ಫ್ಲಾರಿಡದ ಕಡೆಗೆ ಹೊರಟರು. ಬಿಳಿಯರಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಜನರು ಸತ್ತರು, ಗುಲಾಮರಲ್ಲಿ ಇನ್ನೂ ಹೆಚ್ಚು. ಮರುವರ್ಷ ಪ್ರಾಂತದ ಶಾಸನಸಭೆಯು ಕಠಿಣವಾದ ಕಾಯಿದೆಯೊಂದನ್ನು ಮಾಡಿತು. ಅದರಲ್ಲಿ ಒಂದು ವಿಧಿ: ಗುಲಾಮರಿಗೆ ಬರವಣಿಗೆ ಕಲಿಸಿದವರಿಗೆ 100 ಪೌಂಡು ಜುಲ್ಮಾನೆ. ಓದನ್ನು ಅದು ನಿಷೇಧಿಸಲಿಲ್ಲ, ಬರೆಯುವುದನ್ನು ನಿಷೇಧಿಸಿತು. ಎಲೈಜಳೂ ಕಲಿಸಿದ್ದು ಓದನ್ನೇ. ಈಗ ಗುರುವಾರದ ಆ ಮೇಜನ್ನು ಇನ್ನೊಮ್ಮೆ ನೆನೆಯೋಣ. ಒಂದು ಮನೆಯಲ್ಲಿ ಒಬ್ಬಳು ಹುಡುಗಿ ದಿನವೆಲ್ಲ ಕುಳಿತು ತನ್ನ ಮನಸ್ಸಿನ ಮಾತನ್ನು ಮೂರು ಪ್ರತಿ ಬರೆದು ಮೂರು ಹಡಗಿನಲ್ಲಿ ಕಳುಹಿ ನಾಲ್ಕನೆಯದನ್ನು ಪುಸ್ತಕದಲ್ಲಿ ಇಟ್ಟುಕೊಳ್ಳಬಲ್ಲಳು. ಅದೇ ಮನೆಯ ಇನ್ನಿಬ್ಬರು ಹುಡುಗಿಯರ ಕೈಗೆ ಲೇಖನಿ ಕೊಡುವುದೇ ಅಪರಾಧ. ಆ ಕಾಲದ ಕಾಗದಗಳಲ್ಲಿ ಗುಲಾಮರ ಮಾತು ಕೇಳಿಬರುವುದಿಲ್ಲವೆಂದು ಚರಿತ್ರಕಾರರು ಕೊರಗುತ್ತಾರೆ. ಆ ಮೌನವು ತಾನಾಗಿ ಬಂದುದಲ್ಲ. ಕಾಯಿದೆ ಮಾಡಿ ತಂದುದು.

1753ರಲ್ಲಿ ಪಿಂಕ್ನಿ ದಂಪತಿಗಳು ಮಕ್ಕಳನ್ನು ಓದಿಸಲೆಂದು ಇಂಗ್ಲೆಂಡಿಗೆ ಹೋಗಿ ಐದು ವರ್ಷ ಇದ್ದರು. ಯುದ್ಧದಿಂದ ಆಸ್ತಿಗೆ ಧಕ್ಕೆ ಬಂದೀತೆಂದು 1758ರಲ್ಲಿ, ಗಂಡುಮಕ್ಕಳಿಬ್ಬರನ್ನೂ ಅಲ್ಲಿಯೇ ಶಾಲೆಯಲ್ಲಿ ಬಿಟ್ಟು, ಮಗಳು ಹ್ಯಾರಿಯಟ್ಟಳೊಡನೆ ಹಿಂದಿರುಗಿದರು. ಬೇಗನೆ ಮರಳಿ ಬರುವ ಯೋಚನೆಯಿತ್ತು. ಬಂದು ಸೇರಿದ ಕೆಲವು ವಾರಗಳಲ್ಲಿಯೇ, ಜುಲೈ 12ರಂದು, ಚಾರ್ಲ್ಸ್ ಪಿಂಕ್ನಿಯು ಮಲೇರಿಯ ಜ್ವರದಿಂದ ತೀರಿಕೊಂಡನು. ಎಲೈಜಳಿಗೆ ಆಗ 35 ವರ್ಷ. ಹಿರಿಯ ಮಗನಿಗೆ 12. ಕಿರಿಯವನಿಗೆ ಎಂಟು ತುಂಬಿರಲಿಲ್ಲ.

ನಕಲು ಪುಸ್ತಕದಲ್ಲಿ ಇಲ್ಲಿಂದ ಮುಂದಿನ ಪುಟಗಳನ್ನು ಓದುವುದು ಕಷ್ಟ. ಒಂದೇ ಸಾವನ್ನು ಅವಳು ಮತ್ತೆ ಮತ್ತೆ ಬರೆಯಬೇಕಾಯಿತು: ಆಂಟಿಗ್ವದಲ್ಲಿದ್ದ ತಾಯಿಗೆ, ಇಂಗ್ಲೆಂಡಿನಲ್ಲಿ ಮಕ್ಕಳ ಯೋಗಕ್ಷೇಮ ನೋಡುತ್ತಿದ್ದ ಸ್ನೇಹಿತರಿಗೆ, ಹಣಕಾಸು ನೋಡುತ್ತಿದ್ದವರಿಗೆ, ಕಡೆಗೆ ಆ ಮಕ್ಕಳಿಗೇ. ಸುದ್ದಿಯನ್ನು ಹೊತ್ತ ಹಡಗು ಹೊರಟು ವಾರಗಟ್ಟಲೆ ಸಮುದ್ರದ ಮೇಲಿರುವಾಗ, ಆ ಹುಡುಗರು ಶಾಲೆಯ ಅಂಗಳದಲ್ಲಿ ತಂದೆ ಇರುವನೆಂದೇ ತಿಳಿದು ಆಡುತ್ತಿರಬೇಕು. ಇದನ್ನು ಬರೆಯುವಾಗ ತಾಯಿಗೂ ತೋರದೆ ಇದ್ದೀತೇ? ತಾಯಿಗೆ ಬರೆದ ಕಾಗದದಲ್ಲಿ ಅವಳು ಸಂಕೋಚವಿಲ್ಲದೆ ಅತ್ತಿದ್ದಾಳೆ. ಮಕ್ಕಳಿಗೆ ಬರೆದುದರಲ್ಲಿ ದುಃಖವನ್ನು ಬಿಗಿಹಿಡಿದು, ತಂದೆ ಎಂತಹ ಮನುಷ್ಯನಾಗಿದ್ದನೆಂಬುದನ್ನು ತಿಳಿಸುತ್ತಾಳೆ. ವ್ಯವಹಾರದವರಿಗೆ ಬರೆಯುವ ಹೊತ್ತಿಗೆ ಒಂದೆರಡು ಮಾತಿನಲ್ಲಿ ಸಾವನ್ನು ಹೇಳಿ, ಹಣದ ಕಡೆಗೆ ತಿರುಗುತ್ತಾಳೆ. ಯಜಮಾನನಿಲ್ಲದ ಐದು ವರ್ಷಗಳಲ್ಲಿ ಜಮೀನುಗಳು ಹದಗೆಟ್ಟಿದ್ದವು; ಮಕ್ಕಳ ಶಾಲೆಯ ಖರ್ಚು ಮಾತ್ರ ತಪ್ಪುವಂತಿರಲಿಲ್ಲ. ಇದನ್ನು ಓದಿ ಕೆಲವರು ಅವಳನ್ನು ಕಠಿಣಹೃದಯಳೆಂದಾರು. ನಮಗೆ ಹಾಗೆ ತೋರುವುದಿಲ್ಲ. ಮನೆಯಲ್ಲಿ ಸಾವಾದ ಮರುದಿನವೂ ಸಾಲಗಾರನು ಬಾಗಿಲಲ್ಲಿ ನಿಲ್ಲುವನೆಂಬುದನ್ನು ಕಂಡವರಿಗೆ ಅವಳ ಆ ಒಣ ಅಕ್ಷರಗಳೇ ಹೆಚ್ಚು ಮನ ಕಲಕುವುವು.

ಹಿರಿಯ ಮಗ ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿ ತಾಯಿಯ ಬಳಿಗೆ ಬಂದದ್ದು 1769ರಲ್ಲಿ. ಹನ್ನೊಂದು ವರ್ಷ ಆ ತಾಯಿ ಮಗನನ್ನು ಕಾಗದದಲ್ಲಿಯೇ ಬೆಳೆಸಿದಳೆನ್ನಬೇಕು. 1761ರ ಒಂದು ಕಾಗದದಲ್ಲಿ, ಇಡೀ ಮನೆತನದ ಕ್ಷೇಮವು ಅವನ ನಡತೆಯ ಮೇಲೂ ವಿದ್ಯೆಯ ಮೇಲೂ ನಿಂತಿದೆಯೆಂದು 15 ವರ್ಷದ ಹುಡುಗನಿಗೆ ಬರೆದಿದ್ದಾಳೆ. ಭಾರ ಕೊಂಚ ಹೆಚ್ಚಾಯಿತೆಂದು ನಮಗೆ ಅನ್ನಿಸುವುದು. ಆದರೆ ಹುಡುಗನು ಹೊತ್ತನು. ಆಕ್ಸ್‌ಫರ್ಡಿನಲ್ಲಿ ಓದಿ ಬ್ಯಾರಿಸ್ಟರಾಗಿ ಬಂದವನು, ಅದೇ ಇಂಗ್ಲೆಂಡಿನ ಮೇಲೆ ಯುದ್ಧ ಹೂಡಿದವರಲ್ಲಿ ಒಬ್ಬನಾದನು. 1780ರಲ್ಲಿ ಚಾರ್ಲ್ಸ್‌ಟನ್ ಇಂಗ್ಲಿಷರ ವಶವಾದಾಗ ಇವನು ಸೆರೆಸಿಕ್ಕಿದನು; ತಮ್ಮ ಟಾಮಸನು ಅದೇ ವರ್ಷ ಕ್ಯಾಮ್ಡನ್ ಯುದ್ಧದಲ್ಲಿ ಗಾಯಗೊಂಡು ಸೆರೆಯಾದನು. ಒಂದು ಕಾಲಕ್ಕೆ ಸಿರಿವಂತೆಯಾಗಿದ್ದ ತಾಯಿಯು, ಒಂದು ಅಲ್ಪ ಸಾಲವನ್ನು ತೀರಿಸಲೂ ಕೈಯಲ್ಲಿ ಹಣವಿಲ್ಲವೆಂದು ಯುದ್ಧದ ಕಡೆಯ ಕಾಲದಲ್ಲಿ ಬರೆಯುವಂತಾಯಿತು. 1787ರಲ್ಲಿ ಫಿಲಡೆಲ್ಫಿಯದಲ್ಲಿ ಅಮೆರಿಕದ ರಾಜ್ಯಾಂಗಕ್ಕೆ ಸಹಿ ಹಾಕಿದವರಲ್ಲಿ ಹಿರಿಯ ಮಗನೂ ಒಬ್ಬನು. ಗುಲಾಮರ ಆಮದನ್ನು ನಿಲ್ಲಿಸಿದರೆ ದಕ್ಷಿಣ ಕ್ಯಾರೊಲಿನಾ ಈ ರಾಜ್ಯಾಂಗವನ್ನು ಒಪ್ಪದೆಂದು ಅಲ್ಲಿ ಹಟ ಹಿಡಿದವನೂ ಅವನೇ. ತಾಯಿ ಬೋಧಿಸಿದ ಸದ್ಗುಣಗಳ ಪಟ್ಟಿಯಲ್ಲಿ ಆ ವಿಷಯಕ್ಕೆ ಎಡೆಯಿರಲಿಲ್ಲ.

ಯುದ್ಧ ಮುಗಿದು ಇಂಗ್ಲೆಂಡಿನ ಪ್ರೋತ್ಸಾಹಧನ ನಿಂತ ಮೇಲೆ ಕ್ಯಾರೊಲಿನಾದ ನೀಲಿಗೆ ಇಳಿಗಾಲ ಬಂದಿತು. ಈಸ್ಟ್ ಇಂಡಿಯಾ ಕಂಪೆನಿಯವರು ವಂಗದೇಶದಲ್ಲಿ ನೀಲಿಯ ಕೃಷಿಯನ್ನು ಬಲವಂತವಾಗಿ ಬೆಳೆಸಿದರು. ಇಂಗ್ಲೆಂಡಿನ ಪೇಟೆಗೆ ಸರಕು ಪುನಃ ನಮ್ಮ ದೇಶದಿಂದ ಹೋಗತೊಡಗಿತು. ಅದರ ಸುಖವನ್ನು ವಂಗದೇಶದ ರೈತರು ಕಂಡು, 1859ರಲ್ಲಿ ಇನ್ನು ನೀಲಿ ಬಿತ್ತುವುದಿಲ್ಲವೆಂದು ಎದ್ದುನಿಂತರು. ಆ ಕಥೆ ಬೇರೆ. ಅದಕ್ಕೆ ಇನ್ನೊಂದು ಸಂಜೆ ಬೇಕು.

ಎಲೈಜ ತನ್ನ ಕಡೆಯ ವರ್ಷಗಳನ್ನು ಮಗಳು ಹ್ಯಾರಿಯಟ್ಟಳ ಹ್ಯಾಂಪ್ಟನ್ ಎಂಬ ಜಮೀನಿನಲ್ಲಿ ಕಳೆದಳು. ಮಗಳೂ ವಿಧವೆ, ತಾಯಿಯಂತೆಯೇ ಜಮೀನು ನಡೆಸಿದಳು, ಕಾಗದಗಳನ್ನೂ ಒಂದು ಪಾಕಪುಸ್ತಕವನ್ನೂ ಬರೆದಿಟ್ಟಳು. ಅರ್ಬುದ ರೋಗದ ಚಿಕಿತ್ಸೆಗೆಂದು ಫಿಲಡೆಲ್ಫಿಯಕ್ಕೆ ಹೋದ ಎಲೈಜ 1793ರ ಮೇ 26ರಂದು ಅಲ್ಲಿಯೇ ಮಡಿದಳು. ಶವವನ್ನು ಹೊತ್ತವರಲ್ಲಿ ರಾಷ್ಟ್ರಾಧ್ಯಕ್ಷ ವಾಷಿಂಗ್ಟನನೂ ಒಬ್ಬನು. ಅವಳ ವಂಶಜಳೊಬ್ಬಳು ಈ ಕಾಗದಗಳನ್ನು ಆಧರಿಸಿ 1896ರಲ್ಲಿ ಅವಳ ಚರಿತ್ರೆಯನ್ನು ಬರೆದಳು. ನಕಲು ಪುಸ್ತಕವು 1972ರಲ್ಲಿ ಅಚ್ಚಾಯಿತು.

ಚಾರ್ಲ್ಸ್‌ಟನ್ನಿನಲ್ಲಿ ಸಮುದ್ರಕ್ಕೆ ಎದುರಾಗಿ ಚಾರ್ಲ್ಸ್ ಪಿಂಕ್ನಿಯು ಮದುವೆಯ ಹೊಸದರಲ್ಲಿ ಕಟ್ಟಿಸಿದ ದೊಡ್ಡ ಮನೆಯೊಂದಿದ್ದಿತು. ಅದರ ಮರಗೆಲಸದಲ್ಲಿ ದುಡಿದವನು ಮೇಲೆ ಹೇಳಿದ ಬಡಗಿ ಕ್ವಾಶನೇ. 1750ರಲ್ಲಿ ಅವನಿಗೆ ಬಿಡುಗಡೆಯಾಯಿತು. ಜಾನ್ ವಿಲಿಯಮ್ಸ್ ಎಂಬ ಹೆಸರಿನಿಂದ ಸ್ವತಂತ್ರನಾಗಿ ಬಾಳಿದನು. ಅವನ ಕೈಕೆಲಸವಿದ್ದ ಆ ಮನೆ 1861ರ ಡಿಸೆಂಬರಿನಲ್ಲಿ ಪಟ್ಟಣಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ನಕಲು ಪುಸ್ತಕವು ಉಳಿದಿದೆ. ದಕ್ಷಿಣ ಕ್ಯಾರೊಲಿನಾದ ಚರಿತ್ರಸಂಘದವರು ಅದನ್ನು ಕಾಪಾಡಿಕೊಂಡು ಬಂದಿರುತ್ತಾರೆ.